ದೆಹಲಿಯಿಂದ ಟೋಕಿಯೊ: ದಾರದ ಅಳತೆ, ಗಾಳಿಯ ಲೆಕ್ಕ

ಜನವರಿಯಲ್ಲಿ ದೆಹಲಿಯಿಂದ ಟೋಕಿಯೊಗೆ ಹೋಗಿಬರಲು ತೆಗೆದ ಟಿಕೆಟ್ ನನ್ನ ಮುಂದಿತ್ತು. ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 6.50ಕ್ಕೆ ತಲುಪುವುದು, ಹಿಂದಿರುಗುವಾಗ ಬೆಳಿಗ್ಗೆ 11.30ಕ್ಕೆ ಹೊರಟು ಸಂಜೆ 5.40ಕ್ಕೆ ಇಳಿಯುವುದು. ನೇರವಾಗಿ ಕಳೆದರೆ ಹೋಗಲು 10 ಗಂಟೆ 50 ನಿಮಿಷ, ಬರಲು 6 ಗಂಟೆ 10 ನಿಮಿಷ. ಬರುವ ದಾರಿಯೇ ಹಗುರ ಎಂದು ಮನೆಯವರೆಲ್ಲ ನಂಬಿದರು. ನನಗೇಕೋ ಸಮಾಧಾನವಾಗಲಿಲ್ಲ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮೋಸ ಹೋಗುತ್ತೇವೆ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಮೇಲೆ ಅಳತೆ ಸರಿಯಾಗಿ ಉಳಿಯುವುದಿಲ್ಲ. 30 ಸೆಂಟಿಮೀಟರ್ ವ್ಯಾಸದ ಭೂಗೋಳ ತೆಗೆದುಕೊಂಡು ಎರಡು ನಗರಗಳ ನಡುವೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದೆ. ದಾರ ಟಿಬೆಟ್, ಉತ್ತರ ಚೀನಾ, ಕೊರಿಯಾಗಳ ಮೇಲೆ ಹಾದು ಜಪಾನ್ ಮುಟ್ಟಿತು. ಉದ್ದ 13.8 ಸೆಂಟಿಮೀಟರ್. ಆ ಗೋಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಆಮೇಲೆ ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಮಾಡಿದಾಗ ಟೋಕಿಯೊದ ಹನೇಡಾ ವಿಮಾನ ನಿಲ್ದಾಣಕ್ಕೆ ಸುಮಾರು 5,860 ಕಿಲೋಮೀಟರ್ ಬಂತು. ದಾರ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ! ಟೋಕಿಯೊದ ಇನ್ನೊಂದು ವಿಮಾನ ನಿಲ್ದಾಣವಾದ ನರಿಟಾಕ್ಕಾದರೆ ಮತ್ತೆ 50 ಕಿಲೋಮೀಟರ್ ಹೆಚ್ಚು. ಅಲ್ಲಿಂದ ನಗರದ ನಡುಭಾಗಕ್ಕೆ ಮತ್ತೆ 60 ಕಿಲೋಮೀಟರ್ ಇದೆ ಎಂಬುದನ್ನು ಮರೆಯಬಾರದು.

ಆದರೆ ವಿಮಾನ ದಾರದ ಹಾದಿ ಹಿಡಿಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಅದು ಕೂಡಲೇ ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ನಾನು ಕುಳಿತ ವಿಮಾನ ಬಾಂಗ್ಲಾದೇಶ, ಮ್ಯಾನ್ಮಾರ್ ಕಡೆಯಿಂದ ಬಳಸಿಕೊಂಡು ಚೀನಾದೊಳಕ್ಕೆ ಹೋಯಿತು.

ಗಂಟೆಗೆ 900 ಕಿಲೋಮೀಟರ್ ಎಂದು ಭಾಗಿಸಿದರೆ ಆರೂವರೆ ಗಂಟೆ. ಬಳಸುದಾರಿಗೂ ನೆಲದ ಮೇಲಿನ ಓಟಕ್ಕೂ ಏರಿಳಿತಕ್ಕೂ ಇನ್ನೊಂದು ಗಂಟೆ ಸೇರಿಸಿದೆ. ಟಿಕೆಟ್ಟಿನ ಅಂಕಿಗಳಿಗೆ ಇದು ಹೊಂದಲೇ ಇಲ್ಲ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅದನ್ನು ಹೋಗುವಾಗ ಕಳೆದು, ಬರುವಾಗ ಕೂಡಿಸಿದಾಗ ಚಿತ್ರವೇ ತಲೆಕೆಳಗಾಯಿತು: ಹೋಗಲು 7 ಗಂಟೆ 20 ನಿಮಿಷ, ಬರಲು 9 ಗಂಟೆ 40 ನಿಮಿಷ. ಹಗುರವಾದದ್ದು ಹೋಗುವ ದಾರಿ! ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಎರಡೂ ಪ್ರಯಾಣಗಳನ್ನು ಕೂಡಿದರೆ ಗಡಿಯಾರದ ವ್ಯತ್ಯಾಸ ತಾನಾಗಿ ಅಳಿಸಿಹೋಗುತ್ತದೆ. ತಪ್ಪು ಲೆಕ್ಕದಲ್ಲೂ ಸರಿ ಲೆಕ್ಕದಲ್ಲೂ ಮೊತ್ತ 17 ಗಂಟೆಯೇ.

ಉಳಿದ 2 ಗಂಟೆ 20 ನಿಮಿಷದ ಅಂತರ ಗಾಳಿಯದು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ಗಾಳಿಯಾದ ಜೆಟ್ ಪ್ರವಾಹ ಚಳಿಗಾಲದಲ್ಲಿ ಜಪಾನಿನ ಮೇಲೆ ಅತಿ ಬಿರುಸಾಗಿರುತ್ತದೆ. 1920ರ ದಶಕದಲ್ಲೇ ವಾಸಾಬುರೊ ಓಯಿಶಿ ಎಂಬ ಜಪಾನಿನ ಹವಾಮಾನ ವಿಜ್ಞಾನಿ ಬಲೂನುಗಳನ್ನು ಹಾರಿಸಿ ಇದನ್ನು ಕಂಡಿದ್ದರು. ಬೇಸಿಗೆಯಲ್ಲಿ ಅದರ ಬಿರುಸು ತಗ್ಗುತ್ತದೆ. ಆದ್ದರಿಂದ ಯಾವ ತಿಂಗಳು ಎಂದು ಕೇಳದೆ ನಾನೀಗ ಯಾರಿಗೂ ಪ್ರಯಾಣದ ಅವಧಿ ಹೇಳುವುದಿಲ್ಲ.

ಹೋಗುವಾಗ ಮುಂದಿನ ಸೀಟಿನ ಪರದೆಯಲ್ಲಿ ನೆಲಕ್ಕೆ ಹೋಲಿಸಿದ ವೇಗ ಗಂಟೆಗೆ 1,090 ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಬರುವಾಗ ಜಪಾನ್ ದಾಟುವಷ್ಟರಲ್ಲಿ ಅದೇ ಪರದೆಯಲ್ಲಿ 710. ಎಂಜಿನ್‌ಗಳ ಮೊರೆತದಲ್ಲಿ ಮಾತ್ರ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.