ತೀವ್ರ ಅಪೌಷ್ಟಿಕತೆಯ ಒಂದು ಪ್ರಕರಣದ ಮೂಲಕ ವೈದ್ಯಕೀಯ, ನರ್ಸಿಂಗ್ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಜಂಟಿ ಕಲಿಕೆ ನಡೆಸುವ ಕ್ರಮ

ವೈದ್ಯಕೀಯ ಇಂಟರ್ನ್‌ಗಳು, ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳು ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೆ, ಕೆಲವೊಮ್ಮೆ ಒಂದೇ ತಿಂಗಳಲ್ಲಿ, ಕ್ಷೇತ್ರಕಾರ್ಯಕ್ಕೆ ಬರುವುದುಂಟು. ಆದರೆ ಒಬ್ಬರು ಹೊರರೋಗಿ ವಿಭಾಗದಲ್ಲಿ, ಇನ್ನೊಬ್ಬರು ಲಸಿಕೆಯ ಕೋಣೆಯಲ್ಲಿ, ಮತ್ತೊಬ್ಬರು ಊರೊಳಗಿನ ಸಮೀಕ್ಷೆಯಲ್ಲಿ ಇದ್ದು, ಪರಸ್ಪರ ಹೆಸರನ್ನೂ ಕೇಳದೆ ಹಿಂದಿರುಗುತ್ತಾರೆ. ಮುಂದೆ ಇವರೇ ಒಂದು ಮಗುವಿನ ಆರೈಕೆಯನ್ನು ಕೈಯಿಂದ ಕೈಗೆ ದಾಟಿಸಬೇಕಾದವರು. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಕಾರ್ಯಸೂಚಿಯ ಪ್ರಕಾರ, ಎರಡು ಅಥವಾ ಹೆಚ್ಚು ವೃತ್ತಿಗಳವರು ಪರಸ್ಪರರ ಬಗ್ಗೆ, ಪರಸ್ಪರರಿಂದ ಮತ್ತು ಪರಸ್ಪರರೊಡನೆ ಕಲಿತಾಗ ಮಾತ್ರ ಅದು ಅಂತರ್‌ವೃತ್ತಿ ಶಿಕ್ಷಣವಾಗುತ್ತದೆ. ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಪವರ್‌ಪಾಯಿಂಟ್ ತೋರಿಸಿದರೆ ಈ ಮೂರರಲ್ಲಿ ಕೊನೆಯದೂ ಅರ್ಧಂಬರ್ಧವೇ ನೆರವೇರುತ್ತದೆ. ಅರ್ಧ ದಿನದಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡಿಸುವ ಒಂದು ಬಗೆಯನ್ನು ವೈದ್ಯಾಧಿಕಾರಿಗಳಿಗೂ ಬೋಧಕರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಪ್ರಕರಣದ ಆಯ್ಕೆಯಲ್ಲಿ ಎಚ್ಚರವಿರಲಿ. ಒಬ್ಬರೇ ಬಗೆಹರಿಸಬಲ್ಲ ಪ್ರಕರಣವನ್ನು ತೆಗೆದುಕೊಂಡರೆ ಉಳಿದವರು ಪ್ರೇಕ್ಷಕರಾಗುತ್ತಾರೆ. ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿನ ಪ್ರಕರಣ ನಮ್ಮಲ್ಲಿ ಬಹಳ ಹೊಂದುತ್ತದೆ. ಮಗುವಿನ ತೂಕ ನೋಡುವ ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವರು. ಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಪರೀಕ್ಷಿಸುವ ವೈದ್ಯಾಧಿಕಾರಿ, ಇಂಥ ಮಕ್ಕಳನ್ನು ಸೇರಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದ ಶುಶ್ರೂಷಕಿ ಮತ್ತು ಆಹಾರ ತಜ್ಞೆ ಆರೋಗ್ಯ ಇಲಾಖೆಯವರು. ಕೂಲಿ, ಪಡಿತರ ಮತ್ತು ವಲಸೆಯ ಪ್ರಶ್ನೆಗಳು ಇವರಲ್ಲಿ ಯಾರ ರಿಜಿಸ್ಟರಿನಲ್ಲೂ ಪೂರ್ತಿಯಾಗಿ ದಾಖಲಾಗುವುದಿಲ್ಲ. ಆರೋಗ್ಯ ಸೇವೆಯೂ ಸಾಮಾಜಿಕ ಸೇವೆಯೂ ಹೀಗೆ ಒಂದೇ ಮಗುವಿನ ಮೇಲೆ ಬಂದು ಕೂಡುವುದರಿಂದ, ಪ್ರತಿಯೊಬ್ಬ ವಿದ್ಯಾರ್ಥಿಗೂ ಇಲ್ಲಿ ಹೇಳಲೇಬೇಕಾದ ಒಂದು ಮಾತಿರುತ್ತದೆ.

ಮೊದಲ ಕೆಲಸ ಅನುಮತಿಯದು. ಇದನ್ನು ಕೊನೆಯ ವಾರಕ್ಕೆ ಬಿಡಬಾರದು. ಅಂಗನವಾಡಿ ಕಾರ್ಯಕರ್ತೆಯನ್ನು ಕರೆಯಬೇಕಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ತಿಳಿಸಿ, ವೃತ್ತದ ಮೇಲ್ವಿಚಾರಕಿಯನ್ನೂ ಆಹ್ವಾನಿಸಬೇಕು. ವೈದ್ಯಾಧಿಕಾರಿಯ ಬಾಯಿಮಾತಿನ ಕರೆಗೆ ಅವರು ಬಂದಾರು, ಆದರೆ ಮೇಲಿನವರಿಗೆ ಉತ್ತರ ಹೇಳಬೇಕಾದ ಅಳುಕಿನಲ್ಲಿ ಬಾಯಿ ಬಿಡಲಾರರು. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತಾ ದಿನವನ್ನೂ ತಿಂಗಳ ಕೊನೆಯ ವರದಿಯ ದಿನಗಳನ್ನೂ ಬಿಟ್ಟು ದಿನಾಂಕ ಗೊತ್ತುಮಾಡಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಗೌರವಧನದ ಮೇಲೆ ದುಡಿಯುವವರು. ಅವರ ಬಸ್ ಖರ್ಚನ್ನು ಅಂದೇ ಕೈಗೆ ಕೊಡುವ ವ್ಯವಸ್ಥೆಯಿಲ್ಲದೆ ಅವರನ್ನು ಸಂಪನ್ಮೂಲ ವ್ಯಕ್ತಿಗಳೆಂದು ಕರೆಯುವುದು ನನಗಂತೂ ಸರಿಕಾಣುವುದಿಲ್ಲ.

ಒಂದು ಗುಂಪಿನಲ್ಲಿ ಎಂಟರಿಂದ ಹತ್ತು ಜನರಿದ್ದರೆ ಸಾಕು. ಮೂರೂ ಶಾಖೆಗಳ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿರಲಿ, ಜೊತೆಗೆ ಒಬ್ಬ ಆಶಾ ಮತ್ತು ಒಬ್ಬ ಅಂಗನವಾಡಿ ಕಾರ್ಯಕರ್ತೆ ಇರಲಿ. ಗುಂಪನ್ನು ನಡೆಸುವವರು ಇಬ್ಬರು ಬೇರೆ ಬೇರೆ ವೃತ್ತಿಯವರಾಗಿರಬೇಕು. ಉದಾಹರಣೆಗೆ, ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರೊಬ್ಬರು ಮತ್ತು ನರ್ಸಿಂಗ್ ಬೋಧಕಿಯೊಬ್ಬರು. ಇವರಿಬ್ಬರು ಒಬ್ಬರ ಮಾತನ್ನು ಒಬ್ಬರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸುತ್ತಲೇ ಇರುತ್ತಾರೆ. ಬಿಳಿ ಕೋಟುಗಳನ್ನು ಹೊರಗೆ ತೆಗೆದಿಡಲು ಹೇಳಿ, ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿಸಿ. ನಡೆಯುವ ಭಾಷೆ ಕನ್ನಡವಾಗಿರಲಿ. ಇಂಗ್ಲಿಷಿನಲ್ಲಿ ಆರಂಭವಾದ ಚರ್ಚೆಯಲ್ಲಿ ಹಳ್ಳಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಸುಮ್ಮನಾಗುತ್ತಾರೆ. ಕನ್ನಡ ಬಾರದ ಇಂಟರ್ನ್ ಇದ್ದರೆ ಪಕ್ಕದಲ್ಲೊಬ್ಬರು ಅನುವಾದಿಸಿ ಹೇಳಬಹುದು.

ಈಗ ಪ್ರಕರಣವನ್ನು ಚೀಟಿಗಳಾಗಿ ಸಿದ್ಧಪಡಿಸುವ ಬಗೆ. ನಿಜವಾದ ಮಗುವಿನ ವಿವರವನ್ನು ಬಳಸದೆ, ಕಲ್ಪಿತ ಪ್ರಕರಣವೊಂದನ್ನು ರಚಿಸಿಕೊಳ್ಳಿ. ಹತ್ತೊಂಬತ್ತು ತಿಂಗಳ ಹೆಣ್ಣುಮಗು, ಉದ್ದ 76 ಸೆಂ.ಮೀ., ತೂಕ 6.6 ಕೆ.ಜಿ., ತೋಳಿನ ಸುತ್ತಳತೆ 11.2 ಸೆಂ.ಮೀ. ಎಂದಿಟ್ಟುಕೊಳ್ಳೋಣ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವುದು (ಅಳತೆಯ ಟೇಪಿನಲ್ಲಿ ಕೆಂಪು ಭಾಗ), ಉದ್ದಕ್ಕೆ ತಕ್ಕ ತೂಕ ಮೈನಸ್ ಮೂರು ಎಸ್‌ಡಿಗಿಂತ ಕೆಳಗಿರುವುದು (ಎಸ್‌ಡಿ ಎಂದರೆ ಸರಾಸರಿಯಿಂದ ಇರುವ ಅಂತರವನ್ನು ಅಳೆಯುವ ಪ್ರಮಾಣ ವಿಚಲನೆ), ಎರಡೂ ಪಾದಗಳಲ್ಲಿ ಬಾವು ಇರುವುದು, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯ ಚೀಟಿಯಲ್ಲಿ ಮೂರು ತಿಂಗಳಿಂದ ತೂಕದ ಗೆರೆ ಏರದಿರುವುದನ್ನು ಮಾತ್ರ ಬರೆಯಿರಿ. ಆಶಾ ಚೀಟಿಯಲ್ಲಿ, ಮನೆಯಲ್ಲಿ ನಾಲ್ಕು ವರ್ಷದ ಇನ್ನೊಂದು ಮಗುವಿದೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಎಂದಿರಲಿ. ನರ್ಸಿಂಗ್ ಚೀಟಿಯಲ್ಲಿ ಅಳತೆಗಳು ಮತ್ತು ಹಸಿವಿನ ಪರೀಕ್ಷೆಯಲ್ಲಿ ಮಗು ಕೊಟ್ಟ ಆಹಾರವನ್ನು ಬಹುಪಾಲು ಬಿಟ್ಟಿತೆಂಬ ಮಾಹಿತಿ ಇರಲಿ. ವೈದ್ಯರ ಚೀಟಿಯಲ್ಲಿ ಜ್ವರ ಮತ್ತು ಉಸಿರಾಟದ ವೇಗ ಇರಲಿ. ಸಮಾಜಕಾರ್ಯದ ಚೀಟಿಯಲ್ಲಿ ಕುಟುಂಬವು ಇನ್ನು ಹತ್ತು ದಿನಗಳಲ್ಲಿ ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗಲಿದೆಯೆಂದೂ, ಮುಂಗಡ ಹಣ ಪಡೆದಾಗಿದೆಯೆಂದೂ ಇರಲಿ.

ಪ್ರತಿಯೊಬ್ಬರಿಗೂ ಅವರವರ ಚೀಟಿಯನ್ನಷ್ಟೇ ಕೊಡಬೇಕು. ಅದನ್ನು ಬೇರೆಯವರಿಗೆ ತೋರಿಸುವಂತಿಲ್ಲ, ಬಾಯಿಂದ ಹೇಳಬೇಕು. ಮಾತಿನ ಸರದಿ ಊರಿನಿಂದ ಆರಂಭವಾಗಿ ವೈದ್ಯರಲ್ಲಿ ಮುಗಿಯಬೇಕು. ಈ ಕ್ರಮವನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ವೈದ್ಯಕೀಯ ವಿದ್ಯಾರ್ಥಿ ಮೊದಲೇ ರೋಗನಿರ್ಣಯ ಹೇಳಿಬಿಟ್ಟರೆ, ಉಳಿದವರ ಮಾಹಿತಿ ಆ ನಿರ್ಣಯಕ್ಕೆ ಅಡಿಟಿಪ್ಪಣಿಯಾಗಿ ಉಳಿದುಹೋಗುತ್ತದೆ. ಚರ್ಚೆಗೆ ಮುನ್ನ ಎಲ್ಲರೂ ಎರಡು ಸಾಲು ಬರೆಯಲಿ: ಈ ಮಗುವಿಗಾಗಿ ನಾನು ಮಾಡುವ ಕೆಲಸವೇನು, ನನ್ನ ಎಡಗಡೆ ಕುಳಿತವರು ಮಾಡುವ ಕೆಲಸವೇನು. ಬಳಿಕ ಜೋಡಿ ಜೋಡಿಯಾಗಿ ಓದಿಸಿ. ಅಂಗನವಾಡಿಯವರ ಕೆಲಸವೆಂದರೆ ಊಟ ಬಡಿಸುವುದಷ್ಟೇ ಎಂಬ ಊಹೆಯೂ, ಮಗು ಆಸ್ಪತ್ರೆ ಸೇರಿದ ಮೇಲೆ ಹಳ್ಳಿಯವರ ಹೊಣೆ ಮುಗಿಯಿತೆಂಬ ಊಹೆಯೂ ಹೊರಬಿದ್ದರೆ ಅಲ್ಲೇ ನಿಂತು ಮಾತನಾಡಿಸಿ. ಉಪನ್ಯಾಸ ಕೊಟ್ಟು ತಿದ್ದಲು ಹೋಗಬೇಡಿ, ಆ ಕೆಲಸ ಮಾಡುವವರೇ ತಮ್ಮ ಒಂದು ದಿನವನ್ನು ವಿವರಿಸಲಿ.

ಭಿನ್ನಾಭಿಪ್ರಾಯ ಏಳುವುದು ಮಗುವನ್ನು ಪುನಶ್ಚೇತನ ಕೇಂದ್ರಕ್ಕೆ ದಾಖಲಿಸುವ ವಿಷಯದಲ್ಲಿ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಪೌಷ್ಟಿಕತೆ ನಿರ್ವಹಣೆಯ ಮಾರ್ಗಸೂಚಿಯ ಪ್ರಕಾರ, ತೊಡಕುಗಳಿಲ್ಲದ, ಹಸಿವಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವನ್ನು ಊರಿನಲ್ಲಿಯೇ ಆರೈಕೆ ಮಾಡಬಹುದು. ನಮ್ಮ ಚೀಟಿಯ ಮಗು ಆ ಗುಂಪಿಗೆ ಸೇರದು, ಅದನ್ನು ದಾಖಲಿಸಲೇಬೇಕು. ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ ಎರಡು ವಾರ ಇರಬೇಕಾಗುತ್ತದೆ, ತಾಯಿ ಜೊತೆಗಿರಬೇಕು. ‘ಇವತ್ತೇ ಕಳಿಸಿ’ ಎಂದು ಇಂಟರ್ನ್ ಹೇಳುವಾಗ, ‘ಅವಳು ಬರೋದಿಲ್ಲ ಸರ್, ದೊಡ್ಡ ಮಗೂನ ಯಾರು ನೋಡ್ಕೋತಾರೆ?’ ಎಂದು ಆಶಾ ಹೇಳಬೇಕು. ಅವರು ಹೇಳದಿದ್ದರೆ ನಡೆಸುವವರು ಅವರನ್ನೇ ನೋಡಿ ಕೇಳಬೇಕು. ದಾಖಲಾತಿ ಬೇಡವೆಂಬ ರಾಜಿಗೆ ಗುಂಪು ಜಾರದಂತೆ ನೋಡಿಕೊಳ್ಳಿ. ದಾಖಲಾತಿ ಸಾಧ್ಯವಾಗಬೇಕಾದರೆ ಯಾರು ಏನು ಮಾಡಬೇಕು ಎಂಬುದೇ ಪ್ರಶ್ನೆ. ದೊಡ್ಡ ಮಗು ಹಗಲು ಅಂಗನವಾಡಿಯಲ್ಲಿರಬಹುದೇ, ರಾತ್ರಿ ಯಾರ ಮನೆಯಲ್ಲಿ, ತಾಯಿಗೆ ಸಿಗಬೇಕಾದ ಕೂಲಿನಷ್ಟದ ಹಣದ ಬಗ್ಗೆ ಅವಳಿಗೆ ಯಾರು ಹೇಳಬೇಕು, ತೋಟದ ಮೇಸ್ತ್ರಿಯೊಡನೆ ಯಾರು ಮಾತನಾಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಒಬ್ಬೊಬ್ಬರ ಹೆಸರು ಹಚ್ಚಿ, ದಿನಾಂಕದೊಡನೆ ಗೋಡೆಯ ಹಾಳೆಯ ಮೇಲೆ ಬರೆಯಿಸಿ.

ಮಗುವಿನ ಆರೈಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವ ಹಸ್ತಾಂತರದ ಅಭ್ಯಾಸಕ್ಕೆ ಹೆಚ್ಚು ಸಮಯ ಮೀಸಲಿಡಿ, ಅರ್ಧ ದಿನದಲ್ಲಿ ಕನಿಷ್ಠ ಒಂದು ಗಂಟೆ. ಎಸ್‌ಬಿಎಆರ್ ಎಂಬ ಕ್ರಮ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಇದಕ್ಕೆ ಅನುಕೂಲಕರ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ಕ್ರಮವನ್ನು ಕೈಸರ್ ಪರ್ಮನೆಂಟೆ ಸಂಸ್ಥೆಯವರು ಆಸ್ಪತ್ರೆಗಳಿಗೆ ತಂದರು. ಈಗ ಆಗಿರುವುದೇನು, ಹಿನ್ನೆಲೆಯೇನು, ನನ್ನ ಅಂದಾಜೇನು, ನಿಮ್ಮಿಂದ ನನಗೆ ಬೇಕಾದುದೇನು ಎಂಬ ನಾಲ್ಕು ಭಾಗಗಳನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಫೋನಿನಲ್ಲಿ ಮಾತನಾಡುವಂತೆ ಮಾಡಿಸಿ. ಉದಾಹರಣೆಗೆ, ಊರಿನ ಕಡೆಯವರು ಪುನಶ್ಚೇತನ ಕೇಂದ್ರದ ಶುಶ್ರೂಷಕಿಗೆ ಹೀಗೆ ಹೇಳಬಹುದು: ‘ಸಿಸ್ಟರ್, ಹತ್ತೊಂಬತ್ತು ತಿಂಗಳ ಹೆಣ್ಣುಮಗು, ಟೇಪು ಕೆಂಪು ತೋರಿಸ್ತಿದೆ, ಬೆಳಿಗ್ಗೆಯಿಂದ ಜ್ವರ. ಮೂರು ತಿಂಗಳಿಂದ ತೂಕ ಏರಿಲ್ಲ. ಕೊಟ್ಟಿದ್ದನ್ನು ತಿಂತಿಲ್ಲ, ಮನೇಲೇ ಇಟ್ಕೊಂಡ್ರೆ ಕಷ್ಟ ಅನ್ಸುತ್ತೆ. ಇವತ್ತು ಮಧ್ಯಾಹ್ನ ಕರ್ಕೊಂಡು ಬರ್ತೀವಿ, ಹಾಸಿಗೆ ಇದೆಯಾ?’ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ನಾಲ್ಕನೆಯ ಭಾಗದಲ್ಲಿ ಬಹಳಷ್ಟು ಜನ ತಡವರಿಸುತ್ತಾರೆ. ಮೇಲಿನ ಸ್ಥಾನದವರಿಂದ ಇಂಥದ್ದೇ ಬೇಕೆಂದು ಕೇಳುವ ರೂಢಿ ನಮ್ಮ ಕಚೇರಿಗಳಲ್ಲಿ ಕಡಿಮೆ, ಆದುದರಿಂದ ಅದನ್ನೇ ಎರಡು ಮೂರು ಸಲ ಹೇಳಿಸಬೇಕು.

ಬಳಿಕ ದಿಕ್ಕನ್ನು ಬದಲಿಸಿ. ಮಗು ಗುಣಮುಖವಾಗಿ ಊರಿಗೆ ಹಿಂದಿರುಗುವಾಗಿನ ಹಸ್ತಾಂತರವೇ ಹೆಚ್ಚು ಸೋರಿಹೋಗುವ ಜಾಗ. ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿ, ಸಂಕ್ಷಿಪ್ತಾಕ್ಷರಗಳಲ್ಲಿ ತಾಯಿಯ ಕೈಚೀಲದೊಳಗೆ ಉಳಿಯುತ್ತದೆ, ಅಂಗನವಾಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಸೇರಿ ಅರ್ಧ ಪುಟದ ಚೀಟಿಯೊಂದನ್ನು ಕನ್ನಡದಲ್ಲಿ ಬರೆಯಲಿ: ಬಿಡುಗಡೆಯ ದಿನದ ತೂಕ, ದಿನಕ್ಕೆ ಎಷ್ಟು ಸಲ ಏನು ತಿನ್ನಿಸಬೇಕು, ಮುಂದಿನ ಭೇಟಿಯ ದಿನಾಂಕ, ಯಾವ ಲಕ್ಷಣ ಕಂಡರೆ ಕೂಡಲೇ ಕರೆದುಕೊಂಡು ಬರಬೇಕು, ಯಾರಿಗೆ ಫೋನ್ ಮಾಡಬೇಕು. ಅದನ್ನು ಅಂಗನವಾಡಿ ಕಾರ್ಯಕರ್ತೆ ಗಟ್ಟಿಯಾಗಿ ಓದಿ, ಅರ್ಥವಾಗದ ಕಡೆ ಗೆರೆ ಹಾಕಲಿ, ಬರೆದವರು ತಿದ್ದಲಿ. ಕುಟುಂಬ ಗುಳೆ ಹೋಗುವುದೇ ಖಚಿತವಾದರೆ ಆ ಊರಿನ ಅಂಗನವಾಡಿಗೂ ಒಂದು ಪ್ರತಿ ತಲುಪಬೇಕೆಂಬುದನ್ನು ಸಮಾಜಕಾರ್ಯದ ವಿದ್ಯಾರ್ಥಿ ನೆನಪಿಸಬೇಕು.

ಮನೆಭೇಟಿ ಇಟ್ಟುಕೊಳ್ಳುವುದಾದರೆ ಬೇರೆ ದಿನ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆ ಮೊದಲೇ ಹೋಗಿ ತಾಯಿಯ ಒಪ್ಪಿಗೆ ಕೇಳಿರಬೇಕು. ಒಂದು ಮನೆಗೆ ಮೂವರಿಗಿಂತ ಹೆಚ್ಚು ಜನ ಬೇಡ, ಫೋಟೊ ಬೇಡ.

ಮೌಲ್ಯಮಾಪನದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಂಕವಾಗಲಿ ಲಾಗ್‌ಬುಕ್ ಸಹಿಯಾಗಲಿ ಇಲ್ಲದ ಕೆಲಸವನ್ನು ವಿದ್ಯಾರ್ಥಿಗಳು ವಿಹಾರವೆಂದು ಭಾವಿಸುವುದು ಸಹಜ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮವು ವೈದ್ಯನಿಗೆ ನಿಗದಿಪಡಿಸಿರುವ ಐದು ಪಾತ್ರಗಳಲ್ಲಿ ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ ಎಂಬುದೂ ಒಂದು. ಇಂಟರ್ನ್‌ನ ಲಾಗ್‌ಬುಕ್‌ನಲ್ಲಿ ಈ ಅರ್ಧ ದಿನವನ್ನು ಅದರ ಅಡಿಯಲ್ಲಿ ದಾಖಲಿಸಬಹುದು. ಉಳಿದ ಎರಡು ಕಾಲೇಜುಗಳೊಡನೆಯೂ ಮೊದಲೇ ಮಾತನಾಡಿ ಸಮಾನ ಮನ್ನಣೆ ದೊರಕಿಸಿ. ಹಸ್ತಾಂತರದ ಅಭ್ಯಾಸವನ್ನು ಅಳೆಯುವಾಗ, ಆ ಮಾತನ್ನು ಕೇಳಿಸಿಕೊಂಡವರೇ ಅಂಕ ಕೊಡಲಿ. ಇಂಟರ್ನ್‌ನ ವಿವರಣೆ ಅರ್ಥವಾಯಿತೇ ಎಂಬುದನ್ನು ಆಶಾ ಕಾರ್ಯಕರ್ತೆಗಿಂತ ಚೆನ್ನಾಗಿ ಹೇಳಬಲ್ಲವರು ಯಾರು?

ಇಂಥ ಜಂಟಿ ಕಲಿಕೆಯ ಪರಿಣಾಮದ ಬಗ್ಗೆ ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆಗೆ ದೊರೆತದ್ದು ಕೇವಲ 15 ಅಧ್ಯಯನಗಳು, ಅವೂ ಒಂದಕ್ಕೊಂದು ಹೋಲಿಸಲಾಗದಷ್ಟು ಭಿನ್ನವಾದವು. ಆದ್ದರಿಂದ ಕಲಿತವರ ಉತ್ಸಾಹವನ್ನೇ ಫಲಿತಾಂಶವೆಂದು ವರದಿ ಮಾಡಬೇಡಿ. ಕಾರ್ಯಕ್ರಮಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ರೆಫರಲ್ ರಿಜಿಸ್ಟರ್ ತೆರೆದು, ಹಿಂದಿನ ಮೂರು ತಿಂಗಳಲ್ಲಿ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದ ಮಕ್ಕಳೆಷ್ಟು, ನಿಜವಾಗಿ ಅಲ್ಲಿ ತಲುಪಿದವರೆಷ್ಟು, ಬಿಡುಗಡೆಯ ಮಾಹಿತಿ ಅಂಗನವಾಡಿಗೆ ಮರಳಿ ಬಂದದ್ದು ಎಷ್ಟು ಮಕ್ಕಳದ್ದು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಮೂರು ತಿಂಗಳ ಬಳಿಕ ಅದೇ ಮೂರು ಅಂಕಣಗಳನ್ನು ಮತ್ತೆ ತುಂಬಿಸಿ, ಎರಡೂ ಇಲಾಖೆಗಳ ತಾಲ್ಲೂಕು ಅಧಿಕಾರಿಗಳಿಗೆ ಒಂದೇ ಹಾಳೆಯಲ್ಲಿ ಕಳುಹಿಸಿ.