ಶಾಸನದ ಕೆರೆ ಹೊಲದ ಕೆಳಗೆ ಸಿಕ್ಕಿತು

ಕಟ್ಟುಕೊಡಗೆ ಶಾಸನದಲ್ಲಿ, ಅಂದರೆ ಕೆರೆ ಕಟ್ಟಿಸಿದವರಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆಯ ಕಲ್ಲಿನಲ್ಲಿ, ಹೆಸರಿದ್ದು ನೆಲದ ಮೇಲೆ ಕಾಣೆಯಾದ ಕೆರೆಯನ್ನು ಹುಡುಕುತ್ತೇನೆ ಎಂದಾಗ ಇತಿಹಾಸದವರು ಉಪಗ್ರಹ ಚಿತ್ರ ಆಕರವಾಗದು ಎಂದರು, ಭೂವಿಜ್ಞಾನದವರು ಶಾಸನ ದತ್ತಾಂಶವಾಗದು ಎಂದರು. ಅನುದಾನ ಎರಡೂ ಕಡೆಯಿಂದ ಬರಲಿಲ್ಲ. ಈಗ ಕೆರೆ ಸಿಕ್ಕಿದೆ. ರಾಗಿ ಹೊಲದ ಕೆಳಗೆ, ಸುಮಾರು ಎರಡು ಮೀಟರ್ ಆಳದಲ್ಲಿ ಅದರ ಹೂಳು ಇದೆ.

ಶಾಸನ ವಿಜಯನಗರ ಕಾಲದ್ದು. ಮೂಡಲು ಹಳ್ಳ, ತೆಂಕಲು ಹುಣಸೆಮರ, ಪಡುವಲು ವಾಮನಮುದ್ರೆಯ ಕಲ್ಲು ಎಂದು ಎಲ್ಲೆ ಹೇಳುತ್ತದೆ. ತಾಲ್ಲೂಕಿನ ಗಡಿಗಳು ಬದಲಾಗಿವೆ; ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳ ತಾಲ್ಲೂಕನ್ನು ಇಂದಿನ ತಾಲ್ಲೂಕು ಎಂದುಕೊಂಡು ಹೊರಟವರಿಗೆ ಊರೇ ಸಿಗುವುದಿಲ್ಲ, ಅಷ್ಟು ನೆನಪಿರಲಿ. ಮುದ್ರೆಯ ಕಲ್ಲು ಸಿಕ್ಕಿದ್ದು ಬದುವಿನಲ್ಲಿ, ಅರ್ಧ ಹೂತ ಸ್ಥಿತಿಯಲ್ಲಿ. ಮಣ್ಣು ಕೆರೆದ ಮೇಲೆ ಕೊಡೆ, ಕಮಂಡಲು ಹಿಡಿದ ಗಿಡ್ಡ ವಾಮನ ಸ್ಪಷ್ಟವಾಗಿ ಕಂಡ.

ಮೊದಲು ನೆಚ್ಚಿದ್ದು ಎಸ್‌ಆರ್‌ಟಿಎಂ ಎಂಬ, ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ, ಸುಮಾರು 30 ಮೀಟರಿಗೊಂದು ಬಿಂದುವಿನ ನೆಲದ ಎತ್ತರದ ದತ್ತಾಂಶವನ್ನು. ಕಣಿವೆಯ ಜಾಡು ತೋರಿಸಿತು, ಸವೆದ ಏರಿಯನ್ನು ತೋರಿಸಲಿಲ್ಲ. ಕೆಲಸಕ್ಕೆ ಬಂದದ್ದು ಕೊರೋನಾ ಎಂಬ ಅಮೆರಿಕದ ಬೇಹುಗಾರಿಕೆ ಉಪಗ್ರಹದ ಕಪ್ಪು-ಬಿಳುಪು ಚಿತ್ರ. 1960ರಿಂದ 1972ರವರೆಗೆ ತೆಗೆದ ಇವುಗಳ ಗುಟ್ಟು ಬಿಟ್ಟುಕೊಟ್ಟಿದ್ದು 1995ರಲ್ಲಿ. ಸ್ಕ್ಯಾನ್ ಆಗದ ಚಿತ್ರವೊಂದಕ್ಕೆ 30 ಡಾಲರ್. ನಾಲ್ಕೈದು ತರಿಸಿದೆ, ಹತ್ತು ಸಾವಿರ ರೂಪಾಯಿಯ ಮೇಲೆಯೇ ಹೋಯಿತು. ಮಳೆಗಾಲದವು ಮೋಡ ತುಂಬಿ ದಂಡ. ಬೇಸಿಗೆ ಶುರುವಿನ ಚಿತ್ರದಲ್ಲಿ ಮಾತ್ರ ತೇವ ಉಳಿದ ಕೆರೆಯಂಗಳ ಕಪ್ಪಗೆ, ಏರಿ ಅದರಡಿಯಲ್ಲಿ ಬಿಲ್ಲಿನಂತೆ ಬಾಗಿ ಕಂಡಿತು. ಈ ಚಿತ್ರಗಳ ಅಂಚು ಸೊಟ್ಟಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ನೆಲಕ್ಕೆ ಕೂರಿಸಲು ನಾನು ಆರಿಸಿಕೊಂಡ ಗುರುತುಗಳು ಯಾವುವು ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳುವುದಿಲ್ಲ.

ಮಣ್ಣು ಕೊರೆಯುವ ಬೈರಿಗೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ನಾಲ್ಕು ಸಾವಿರದ ಆಸುಪಾಸು. ಮೇಲೆ ಕೆಂಪು ಉಳುಮೆ ಮಣ್ಣು, ಆಮೇಲೆ ಒಮ್ಮೆಲೇ ಬೂದುಗಪ್ಪು ಜೇಡಿ. ಬೆರಳುಗಳ ನಡುವೆ ಹೊಸೆದರೆ ಹರಿಯದೆ ಪಟ್ಟಿಯಾಗುತ್ತದೆ, ನಡುನಡುವೆ ಬಸವನಹುಳುವಿನ ಚಿಪ್ಪು: ನಿಂತ ನೀರಿನ ಹೂಳಿನ ಗುರುತು. ಅದನ್ನು ಕಂಡ ಭೂವಿಜ್ಞಾನದ ಗೆಳೆಯ ಮರು ಮಾತಾಡಲಿಲ್ಲ.

ಆಗ ಏನು ಬೆಳೆದಿತ್ತೆಂದು ತಿಳಿಯಲು ಹೂಳಿನಲ್ಲಿ ಪರಾಗ ಹುಡುಕಲು ಹೋಗಿ ದುಡ್ಡು ಕಳೆಯಿತು. ಪ್ರತಿ ಬೇಸಿಗೆ ಒಣಗುವ ಕೆರೆಯಲ್ಲಿ ಪರಾಗ ಉಳಿಯುವುದು ಕಷ್ಟ. ಏರಿಯ ಇದ್ದಿಲಿಗೆ ಕಾರ್ಬನ್ ಕಾಲನಿರ್ಣಯ ಮಾಡಿಸಿದರೆ ಶಾಸನಕ್ಕಿಂತ ನೂರಾರು ವರ್ಷ ಹಿಂದಿನ ತೇದಿ ಬಂತು. ಏರಿಗೆ ಹೊತ್ತು ಹಾಕಿದ್ದು ಹಳೇ ಊರಿನ ಮಣ್ಣು ಎಂದು ನನ್ನ ಅಂದಾಜು. ಇಪ್ಪತ್ತು ಸಾವಿರದ ಹತ್ತಿರ ಅದಕ್ಕೇ ಹೋಯಿತು. ಗಿಡದೊಳಗೆ ಕೂಡಿ, ಗಿಡ ಕೊಳೆತ ಮೇಲೂ ಮಣ್ಣಿನಲ್ಲಿ ಉಳಿಯುವ ಸಿಲಿಕಾ ಕಣ, ಅಂದರೆ ಫೈಟೋಲಿತ್ ಮಾತ್ರ ಕೈ ಹಿಡಿಯಿತು: ಅಚ್ಚುಕಟ್ಟಿನ ಮಣ್ಣಿನಲ್ಲಿ ಭತ್ತದ ಬೀಸಣಿಗೆಯಾಕಾರದ ಸಿಲಿಕಾ ಕಣಗಳು ಹೇರಳವಾಗಿದ್ದವು. ಶಾಸನ ಹೇಳುವ ಗದ್ದೆ ಇದ್ದದ್ದೂ ಅಲ್ಲೇ.

ಅದೇ ಹೋಬಳಿಯ ಇನ್ನೊಂದು ಶಾಸನದಲ್ಲಿ ಎಲ್ಲೆಯ ಸಾಲುಗಳು ಒಡೆದುಹೋಗಿವೆ. ಅಲ್ಲಿ ಚಿತ್ರದಿಂದ ಶುರುಮಾಡಿ ಕಲ್ಲಿಗೆ ಬರಬೇಕು. ಸುಗ್ಗಿ ಮುಗಿದ ಕೂಡಲೇ ಬೈರಿಗೆ ಅಲ್ಲಿಗೆ ಹೊರಡುತ್ತದೆ.