ಅಡಿಗಲ್ಲು ತರಲು ಹೋಗುವಾಗ ಜೇಬಲ್ಲೊಂದು ಗುಂಡು ಇರಲಿ

ಕತ್ತಿ ಹದ ಮಾಡಿಸಲು ಹೋದರೆ ಆಚಾರಿ "ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಅವರ ತಪ್ಪಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ತೋಟಕ್ಕೆ ಕತ್ತಿ ಬೇಕಾದವರು ಜಾಸ್ತಿ, ಕುಲುಮೆ ಕಡಿಮೆ. ಹಾಗಾಗಿ ಮನೆ ಹಿಂದಿನ ಶೆಡ್ಡಿನಲ್ಲೇ ಒಂದು ಸಣ್ಣ ಕುಲುಮೆ ಹಾಕಿಕೊಂಡೆ. ತೆಂಗಿನ ಗೆರಟೆ ಇದ್ದಿಲಿಗೆ ನಮ್ಮಲ್ಲಿ ಬರವಿಲ್ಲ, ತಿದಿಯ ಬದಲು ಬ್ಲೋವರ್ ಸಿಗುತ್ತದೆ. ತಲೆ ತಿಂದದ್ದು ಅಡಿಗಲ್ಲು, ಅಂದರೆ ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ದಪ್ಪ ಕಬ್ಬಿಣದ ದಿಮ್ಮಿ.

ಮೊದಲು ತಂದದ್ದಕ್ಕೆ ಹಸಿರು ಪೈಂಟ್ ಬಳಿದಿತ್ತು, ನೋಡಲು ಚಂದ. ಮೂರನೇ ದಿನ ಅಂಚು ಬಿಸ್ಕತ್ತಿನ ಹಾಗೆ ಮುರಿದು ಬಿತ್ತು. ಒಳಗೆ ಬೂದು ಬಣ್ಣದ ಒರಟು ಕಾಳು. ಬರೀ ಅಚ್ಚಿಗೆ ಎರೆದ ಬೀಡು ಕಬ್ಬಿಣ!

ಆದ್ದರಿಂದ ಮೊದಲು ಲಾರಿ ಗ್ಯಾರೇಜಿಗೆ ಹೋಗಿ ಹಳೆಯ ಬೇರಿಂಗಿನ ಒಂದು ಗುಂಡು ಕೇಳಿ ತನ್ನಿ. ಅಡಿಗಲ್ಲಿನ ಮುಖದ ಮೇಲೆ 10 ಇಂಚು ಎತ್ತರದಿಂದ ಅದನ್ನು ಸುಮ್ನೆ ಬಿಡಿ. 7-8 ಇಂಚು ಪುಟಿದರೆ ಒಳ್ಳೆಯ ಉಕ್ಕು. 3 ಇಂಚಿಗೇ ಸುಸ್ತಾದರೆ ಬಿಟ್ಟು ಬನ್ನಿ. ಒಂದೇ ಕಡೆ ನೋಡಬೇಡಿ. ನಡುವೆ, ಅಂಚಲ್ಲಿ, ಒಂದು ಬದಿಗೆ ಚಾಚಿದ ಚೂಪು ಕೊಂಬಿನ ಬುಡದಲ್ಲಿ ಹತ್ತು ಸಲ ಬಿಡಿ. ಒಂದು ಜಾಗದಲ್ಲಿ ಮಾತ್ರ ಗುಂಡು ಹಾರದಿದ್ದರೆ ಅಲ್ಲಿ ಒಳಗೆ ಬಿರುಕು ಇರಬಹುದು. ಶಬ್ದ ಒಂದನ್ನೇ ನಂಬಬೇಡಿ. ಬೀಡಿನ ಮೈಗೆ ಉಕ್ಕಿನ ಮುಖ ಕೂರಿಸಿದ ಒಳ್ಳೆಯ ಅಡಿಗಲ್ಲುಗಳೂ ಇವೆ, ಅವು ಗಂಟೆಯ ಹಾಗೆ ಮೊಳಗುವುದಿಲ್ಲ. ಬೆಂಕಿ ಬಿದ್ದ ಕಟ್ಟಡದಿಂದ ಬಂದದ್ದಾದರೆ ಬೇಡವೇ ಬೇಡ. ಹದ ಇಳಿದಿರುತ್ತದೆ.

ತೂಕ? ಒಂದು ಕಿಲೋ ಸುತ್ತಿಗೆಗೆ 50 ಕಿಲೋ ಇದ್ದರೆ ರಾಜಯೋಗ. ಕತ್ತಿ, ಉಳಿ ಮಾಡಲು 30 ಕಿಲೋದಲ್ಲೂ ನಡೆಯುತ್ತದೆ.

ಅಷ್ಟು ದುಡ್ಡಿಲ್ಲವೇ? ರೈಲು ಹಳಿಯ ತುಂಡು ಸಾಕು. ಮೀಟರಿಗೆ 60 ಕಿಲೋ ತೂಗುವ ಹಳಿಯಾದರೆ ಅರ್ಧ ಮೀಟರು ಅಂದರೆ 30 ಕಿಲೋ ಆಯಿತು. ಎಲ್ಲರೂ ಅದನ್ನು ಮಲಗಿಸುತ್ತಾರೆ. ನೆಟ್ಟಗೆ ನಿಲ್ಲಿಸಿ! ಮಲಗಿಸಿದರೆ ನಡುವಿನ ತೆಳು ಭಾಗ ಸ್ಪ್ರಿಂಗಿನ ಹಾಗೆ ಅಲುಗಿ ಪೆಟ್ಟನ್ನು ತಿಂದುಬಿಡುತ್ತದೆ. ನಿಲ್ಲಿಸಿದರೆ ಅಷ್ಟೂ ತೂಕ ಪೆಟ್ಟಿನ ಅಡಿಗೇ ಬರುತ್ತದೆ. ಮುಖ ಸಣ್ಣದು, ನಿಜ. ಸುತ್ತಿಗೆಯ ಮುಖವೂ ಸಣ್ಣದೇ ಅಲ್ವಾ? ಗುಜರಿಯಲ್ಲಿ ಹಳಿ ಕೊಂಡರೆ ಬಿಲ್ಲು ಮಾತ್ರ ಕೇಳಿ ಪಡೆಯಿರಿ. ರೈಲ್ವೆ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆಂದೇ 1966ರ ಕಾನೂನು ಇದೆ.

ಇನ್ನು ಕೂರಿಸುವ ಕೆಲಸ. ನಮ್ಮ ಹಳೆಯ ಆಚಾರಿಗಳು ಕೂತು ಬಡಿಯುತ್ತಿದ್ದರು, ಮರದ ಕೊರಡನ್ನು ನೆಲದಲ್ಲಿ ಹೂಳುತ್ತಿದ್ದರು. ನಾನೂ ಅಷ್ಟೇ ತಗ್ಗಿನಲ್ಲಿಟ್ಟು ನಿಂತು ಬಡಿದೆ. ಎರಡು ದಿನ ಸೊಂಟ ಎತ್ತಲಾಗಲಿಲ್ಲ. ನಿಂತು ಕೆಲಸ ಮಾಡುವವರು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳ ಗೆಣ್ಣು ಎಲ್ಲಿದೆಯೋ ಅಲ್ಲಿಗೆ ಅಡಿಗಲ್ಲಿನ ಮುಖ ಬರಬೇಕು. ಗೆಣ್ಣು 75 ಸೆಂಟಿಮೀಟರಿನಲ್ಲಿ ಇದ್ದು ಅಡಿಗಲ್ಲು 25 ಇದ್ದರೆ, ಕೊರಡು 50, ಅದರ ತಲೆಯಲ್ಲಿ ಕೆತ್ತುವ ಆಳವನ್ನೂ ಸೇರಿಸಿಕೊಳ್ಳಿ. ಚಪ್ಪಲಿ ಹಾಕಿಯೇ ಅಳೆಯಿರಿ.

ಹಲಸಿನ ಅಥವಾ ಮಾವಿನ ಒಣಗಿದ ಕೊರಡು ಒಳ್ಳೆಯದು, ನಾರು ಮೇಲ್ಮುಖವಾಗಿರಲಿ. ತೆಂಗು ಬೇಡ, ಪೆಟ್ಟಿಗೆ ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮಳೆಗೆ, ಗೆದ್ದಲಿಗೆ ಹೂಳುವುದೂ ಬೇಡ. ಸಿಮೆಂಟು ನೆಲದ ಮೇಲಿಡಿ. ಕೊರಡಿನ ತಲೆಯಲ್ಲಿ ಅಡಿಗಲ್ಲಿನ ಬುಡದ ಅಚ್ಚು ಬರೆದು ಒಂದು ಇಂಚು ಆಳ ಉಳಿಯಲ್ಲಿ ಕೆತ್ತಿ. ನಡುವೆ ಸಿಲಿಕಾನ್ ಅಂಟು ಹಾಕಿ ಕೂರಿಸಿ, ಎರಡೂ ಬದಿ ಪಟ್ಟಿ ಇಟ್ಟು ಬೋಲ್ಟು ಬಿಗಿಯಿರಿ. ಸಿಲಿಕಾನಿನಿಂದ ಠಣ್ ಶಬ್ದವೂ ತಗ್ಗುತ್ತದೆ, ಪಕ್ಕದ ಮನೆಯವರಿಗೆ ಸಮಾಧಾನ. ಮೇಸ್ತ್ರಿಯ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿಬಿಡಿ.

ಕುಲುಮೆಯಿಂದ ಒಂದು ತಿರುವು, ಒಂದು ಹೆಜ್ಜೆ ದೂರ ಸಾಕು. ಬಲಗೈಯವರಿಗೆ ಕೊಂಬು ಎಡಕ್ಕೆ. ಬಿಸಿಲು ನೇರ ಬೀಳದ ಜಾಗ ಆರಿಸಿ, ಕಾದ ಕಬ್ಬಿಣದ ಬಣ್ಣ ಬಿಸಿಲಲ್ಲಿ ಕಾಣುವುದಿಲ್ಲ.

ಚೂಪು ಅಂಚನ್ನು ಒಂದು ಬದಿ ಅರದಿಂದ ಎರಡು ಮಿಲಿಮೀಟರು ಗುಂಡಗೆ ಮಾಡಿ, ಇಲ್ಲದಿದ್ದರೆ ಕತ್ತಿಯಲ್ಲಿ ಗೀಟು ಬೀಳುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಸುತ್ತಿಗೆ ಎತ್ತಬೇಡಿ. ಕಬ್ಬಿಣ ಇಡದೆ ಅಡಿಗಲ್ಲಿನ ಬರಿ ಮುಖಕ್ಕೆ ಬಡಿಯಲೂ ಬೇಡಿ, ಚೂರು ಸಿಡಿಯುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಕೆಲಸ ಮುಗಿದ ಮೇಲೆ ತೆಂಗಿನೆಣ್ಣೆ ಬಟ್ಟೆಯಿಂದ ಒಂದು ಸಲ ಒರೆಸಿ. ನಮ್ಮ ಗಾಳಿಗೆ ಒಂದೇ ರಾತ್ರಿ ಸಾಕು, ಬೆಳಿಗ್ಗೆ ನೋಡಿದರೆ ಮುಖದ ತುಂಬ ಕೆಂಪು ತುಕ್ಕು.